ಹಳ್ಳದ ತಿರುವಿನಲ್ಲಿ ಇಲ್ಲದ ಆನೆ

ನಮ್ಮ ಪೋಡಿಗೆ ಹೊರಗಿನಿಂದ ಬರುವವರು ಜೀಪಿನಿಂದ ಇಳಿದ ಕೂಡಲೇ ಕೇಳುವುದು ಆನೆಯ ಮಾತು. ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಎಂದು ಕೇಳುವುದು ಆಮೇಲೆ. ಮನೆಯಲ್ಲಿ ಹಿಟ್ಟಿಲ್ಲ ಎಂದರೆ ತಲೆದೂಗುತ್ತಾರೆ, ಆನೆ ಎಂದರೆ ಫೋನ್ ಹೊರಗೆ ತೆಗೆಯುತ್ತಾರೆ. ನಮ್ಮ ಕಷ್ಟದಲ್ಲಿ ಅವರಿಗೆ ರುಚಿ ಹತ್ತುವ ಭಾಗ ಅದೊಂದೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಾಗೆ ಬಂದವರಿಗೆ ನಮ್ಮವರು ಒಂದು ಕಥೆ ಹೇಳುತ್ತಿದ್ದರು. ನರ್ಸ್ ಓದುವುದಕ್ಕೆ ಸೀಟು ಹಿಡಿಯಲು ಹೊರಟಿದ್ದ ಹುಡುಗಿಯನ್ನು ಹಳ್ಳದ ತಿರುವಿನಲ್ಲಿ ಮರಿಯಾನೆಯ ತಾಯಿ ತಡೆದ ಕಥೆ. ಅವಳ ಓದು ಅಲ್ಲಿಗೇ ನಿಂತಿತು ಎಂದು ಕೊನೆಯಾಗುತ್ತಿತ್ತು. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಆ ಹುಡುಗಿ ನನ್ನ ತಂಗಿ. ಆ ದಿನ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ನಾನು. ಅಲ್ಲಿ ಆನೆ ಇರಲಿಲ್ಲ.

ನಮ್ಮದು ಸೋಲಿಗರ ಪೋಡು, ಕೆಲವೇ ಗುಡಿಸಲುಗಳ ಊರು, ರಾಮಾಪುರದಿಂದ ಒಳಗೆ, ಕಾಡಿನ ಅಂಚು ದಾಟಿದ ಮೇಲೆ ಇದೆ. ಬಸ್ಸು ಬರುವ ರಸ್ತೆಗೆ ಸೇರಬೇಕಾದರೆ ಲಾಂಟಾನ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಇಳಿದು, ಹಳ್ಳ ದಾಟಿ, ಮತ್ತೆ ಏರಬೇಕು. ಈ ದಾರಿಯಲ್ಲಿ ನಡೆಯುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಒಬ್ಬರು ಮುಂದೆ ಹೋಗುತ್ತಾರೆ. ಉಳಿದವರು ಕಲ್ಲೆಸೆತದಷ್ಟು ಹಿಂದೆ, ಮಾತಾಡದೆ ಬರುತ್ತಾರೆ. ಮುಂದಿನವರು ತಿರುವಿನಲ್ಲಿ ನಿಂತು ಕಿವಿಗೊಡುತ್ತಾರೆ, ಗಾಳಿ ಮೂಸುತ್ತಾರೆ, ನೆಲ ನೋಡುತ್ತಾರೆ. ಅವರು ಕೈ ಎತ್ತಿದರೆ ಎಲ್ಲರೂ ಬಂದ ದಾರಿಗೆ ತಿರುಗಬೇಕು. ಎಲ್ಲಿ, ಎಷ್ಟು, ನಿಜವಾ ಎಂದು ನಿಂತು ಕೇಳುವಂತಿಲ್ಲ. ಹಾಗೆ ಕೇಳುತ್ತ ನಿಂತವರನ್ನು ನಾವು ಹೊತ್ತು ತಂದಿದ್ದೇವೆ.

ಹೆಂಡತಿಗೆ ಸುಳ್ಳು ಹೇಳುವ ಗಂಡಸರು ನಮ್ಮಲ್ಲಿದ್ದಾರೆ. ಫಾರೆಸ್ಟ್ ಗಾರ್ಡಿಗೆ ಎಲ್ಲರೂ ಸುಳ್ಳು ಹೇಳುತ್ತೇವೆ. ದೇವರಿಗೆ ಹೇಳಿದ ಹರಕೆಯಲ್ಲೂ ಸುಳ್ಳಿರುತ್ತದೆ. ಆದರೆ ದಾರಿಯಲ್ಲಿ ಎತ್ತಿದ ಕೈಯಲ್ಲಿ ಸುಳ್ಳು ಇರುವುದಿಲ್ಲ. ಕುಡಿದು ತೂರಾಡುವವನು ಕೈ ಎತ್ತಿದರೂ ಪೋಡಿನ ಹಿರಿಯರಾದ ಯಜಮಾನರು ಹಿಂದೆ ತಿರುಗುತ್ತಾರೆ. ಅಷ್ಟು ಗಟ್ಟಿಯಾಗಿತ್ತು ಅದು. ನಾನು ಮುರಿಯುವ ತನಕ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಪ್ಪ ಜೇನು ಇಳಿಸುವಾಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು. ಕುಂತೂರು ಕಡೆಗೆ ಕಬ್ಬು ಕಡಿಯಲು ಹೋಗುವ ಗುಂಪಿನ ಜೊತೆ ಅವ್ವ ನನ್ನನ್ನು ಕಳಿಸಿದಳು. ತಂಗಿ ಶಾಲೆಯಲ್ಲೇ ಉಳಿದಳು. ತಂಗಿ ಓದಲಿ ಎಂದು ನಾನು ಓದು ಬಿಟ್ಟೆ ಎಂದು ಬಹಳ ಜನರ ಹತ್ತಿರ ಹೇಳಿಕೊಂಡಿದ್ದೇನೆ. ಹಾಗೇನೂ ಇರಲಿಲ್ಲ. ಅವಳಿಗೆ ಇನ್ನೂ ಮಚ್ಚು ಹಿಡಿಯುವ ವಯಸ್ಸಾಗಿರಲಿಲ್ಲ. ಅಷ್ಟೇ ಕಾರಣ. ತ್ಯಾಗ ಎಂಬ ಹೆಸರನ್ನು ನಾನು ಆಮೇಲೆ ಇಟ್ಟುಕೊಂಡೆ.

ಕಬ್ಬಿನ ಗದ್ದೆಯಲ್ಲಿ ಆ ಹೆಸರಿಗೂ ಮರ್ಯಾದೆ ಸಿಗಲಿಲ್ಲ. ಗುಂಪಿನ ಮೇಸ್ತ್ರಿಗೆ ನನ್ನನ್ನು ಆಡಿಕೊಳ್ಳುವುದೇ ಒಂದು ಕೆಲಸ.

"ಏನ್ಲಾ, ನಿನ್ ತಂಗಿ ಡೀಸಿ ಆಯ್ತಾಳಂತಾ?"

"ಓದ್ತಾವ್ಳೆ ಸಾ."

"ಓದ್ಲಿ ಬುಡು. ನಾಳೆ ಅವ್ಳು ಕಾರಲ್ಲಿ ಬತ್ತಾಳೆ, ನೀನು ಟ್ಯಾಕ್ಟರ್ ಮ್ಯಾಲೆ ಕಬ್ಬು ಏರ್ತಾ ಇರ್ತೀಯ. ಹಾರನ್ ಒಡುದ್ರೆ ಪಕ್ಕುಕ್ಕೆ ಸರ್ಕೊ, ಆಯ್ತಾ?"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸೋಗೆಯ ಅಂಚು ಕುತ್ತಿಗೆ ಕೊಯ್ದ ಜಾಗದಲ್ಲಿ ಬೆವರು ಇಳಿದಾಗ ಉರಿಯುತ್ತದಲ್ಲ, ಆ ನಗು ಹಾಗಿತ್ತು. ತಂಗಿ ಮೊದಲು ಆಶ್ರಮ ಶಾಲೆ, ಆಮೇಲೆ ಕೊಳ್ಳೇಗಾಲದ ಹಾಸ್ಟೆಲ್ ಸೇರಿದಳು. ರಜೆಗೆ ಬಂದಾಗ ನನ್ನ ಮಾತು ತಿದ್ದುತ್ತಿದ್ದಳು. ಓಗು ಅಲ್ಲ ಅಣ್ಣ, ಹೋಗು. ತಮಾಷೆಗೇ ಹೇಳುತ್ತಿದ್ದಳು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಫಾರೆಸ್ಟ್ ವಾಚರ್ ಕೆಲಸಕ್ಕೆ ನಾನು ಎರಡು ಸಲ ಹೋಗಿ ಕೇಳಿದ್ದೆ, ಎರಡು ಸಲವೂ ಹತ್ತನೇ ಪಾಸಾದವರು ಬೇಕು ಎಂದಿದ್ದರು. ಕಾಡು ಗೊತ್ತಿದ್ದವನು ಹೊರಗೆ ನಿಂತ, ಹತ್ತನೇ ಪಾಸಾದ ಹನೂರಿನ ಹುಡುಗ ಒಳಗೆ ಹೋದ.

ಅವಳು ಪಿಯುಸಿ ಮುಗಿಸಿದ ವರ್ಷ ಯಳಂದೂರಿನ ಒಂದು ತರಬೇತಿ ಕೇಂದ್ರದಲ್ಲಿ ನರ್ಸಿಂಗ್ ಸೀಟಿಗೆ ಕರೆ ಬಂತು. ಇಂಥ ದಿನ ಬೆಳಿಗ್ಗೆ ಖುದ್ದಾಗಿ ಬರಬೇಕು, ಬಾರದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಹೇಳಿದ್ದರಂತೆ. ಅವಳು ಹಿಂದಿನ ದಿನ ಪೋಡಿಗೆ ಬಂದಳು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗುವುದು ಅವಳ ಯೋಚನೆ. ಹಾಸ್ಟೆಲಿನ ಗೆಳತಿಯೊಬ್ಬಳಿಂದ ಕಪ್ಪು ಶೂ ಎರವಲು ತಂದಿದ್ದಳು. ಅದನ್ನು ಒಲೆಯ ಬೂದಿಯಲ್ಲಿ ಉಜ್ಜಬೇಡ, ಕೆಡುತ್ತದೆ ಎಂದು ಅವ್ವನಿಗೆ ಹೇಳುತ್ತಿದ್ದದ್ದು ನನಗೆ ನೆನಪಿದೆ. ನಾನು ಗುಡಿಸಲ ಹಿಂದೆ ಸೌದೆ ಒಡೆಯುತ್ತಿದ್ದೆ. ತಡಿಕೆ ಗೋಡೆಗೆ ಕಿವಿ ಇಡುವುದೇ ಬೇಡ, ಎಲ್ಲ ಕೇಳುತ್ತದೆ.

"ಅವ್ವ, ಅಣ್ಣ ರಸ್ತೆ ಗಂಟ ಬಂದ್ರೆ ಸಾಕು. ಯಳಂದೂರ್‌ಗೆ ಬರಾದು ಬೇಡ."

"ಯಾಕವ್ವ? ಬತ್ತೀನಿ ಅಂತಾವ್ನೆ."

"ಅಲ್ಲಿ ಮನೆಯವರ್ನೆಲ್ಲ ಮಾತಾಡುಸ್ತಾರೆ. ಇವ್ನು ಏನಾರ ಅಂದುಬುಟ್ರೆ? ಆ ಬೀಡಿ ವಾಸ್ನೆ ಬೇರೆ."

"ನಿನ್ನ ಓದ್ಸಿದ್ದು ಆ ಬೀಡಿ ವಾಸ್ನೆನೇ ಕಣವ್ವ," ಎಂದಳು ಅವ್ವ.

 ತಂಗಿಗೆ ನಾಚಿಕೆಯಾಗಿರಬೇಕು. ಹೊರಗೆ ನಾನು ಕೊಡಲಿಯನ್ನು ದಿಮ್ಮಿಯಲ್ಲೇ ಬಿಟ್ಟು ಎದ್ದು ಹೋದೆ. ಈ ಮಾತಿನಿಂದಲೇ ನಾನು ಹಾಗೆ ಮಾಡಿದೆ ಎಂದು ಹೇಳಿದರೆ ಓದುವವರಿಗೆ ಸುಲಭವಾಗುತ್ತದೆ. ಅದು ನಿಜವಲ್ಲ. ಮಾತು ಬರೀ ಬೆಂಕಿಕಡ್ಡಿ. ಸೌದೆಯನ್ನು ನಾನು ವರ್ಷಗಳಿಂದ ಒಳಗೆ ಒಟ್ಟಿಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ನಾನು ಮುಂದೆ ಹೊರಟೆ. ಹಿಂದೆ ತಂಗಿ, ಅವ್ವ, ರಾಮಾಪುರಕ್ಕೆ ಸೀಗೇಕಾಯಿ ಹೊತ್ತಿದ್ದ ಇಬ್ಬರು ಹೆಂಗಸರು. ಮುಂಗಾರಿನ ಮೊದಲ ಮಳೆ ಹಿಂದಿನ ಸಂಜೆಯೇ ಬಿದ್ದಿತ್ತು. ಗಾಳಿ ಒದ್ದೆಯಾಗಿತ್ತು. ಹಳ್ಳದ ತಿರುವಿನಲ್ಲಿ ನಿಂತೆ. ಕಿವಿಗೊಟ್ಟೆ. ಒಂದು ಕಾಡುಕೋಳಿ ಕೂಗಿತು. ಆನೆ ಇರುವ ಕಡೆ ಕಾಡುಕೋಳಿ ಅಷ್ಟು ನೆಮ್ಮದಿಯಾಗಿ ಕೂಗುವುದಿಲ್ಲ. ದಾರಿ ಖಾಲಿಯಾಗಿದೆ ಎಂದು ನನಗೆ ತಿಳಿದಿತ್ತು. ಕೈ ತಾನಾಗಿ ಎದ್ದಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಕೈ ತಾನಾಗಿ ಏಳುವುದಿಲ್ಲ. ನಾನು ಎತ್ತಿದೆ.

ಎಲ್ಲರೂ ತಿರುಗಿದರು. ಪೋಡಿನ ಹತ್ತಿರ ಬಂದ ಮೇಲೆ ತಂಗಿ ಕೇಳಿದಳು.

"ಎಷ್ಟಣ್ಣ?"

"ಒಂದು. ಮರಿ ಅದೆ."

ಮರಿ ಎಂದು ಸೇರಿಸಿದ್ದು ಯೋಚನೆ ಮಾಡಿಯೇ. ಒಂಟಿ ಆನೆಯಾದರೆ ಸ್ವಲ್ಪ ಹೊತ್ತು ಕಾದು ಹೋಗಬಹುದು. ಮರಿ ಜೊತೆಗಿದ್ದರೆ ಆ ದಿನ ಆ ದಾರಿ ಮುಗಿಯಿತು.

"ಗುಡ್ಡ ಅತ್ತಿ ಆ ಕಡೆಯಿಂದ ಇಳಿಯಾನ."

"ಮರಿ ಇರಾದು ಎತ್ತಾಗ್ ತಿರುಗ್ತದೋ ಯಾರ್ ಕಂಡವ್ರೆ? ಸಾಯ್ಬೇಕಾ?"

ಅವಳು ವಾದ ಮಾಡಲಿಲ್ಲ. ಕಾಡಿನ ಮಗಳು ಅವಳು. ಹೊಸಿಲ ಮೇಲೆ ಕುಳಿತಳು, ಶೂ ಬಿಚ್ಚಲಿಲ್ಲ. ಬಿಸಿಲು ನೆತ್ತಿಗೆ ಬರುವ ತನಕ ಹಾಗೇ ಕುಳಿತಿದ್ದಳು. ಪೋಡಿನ ಮಕ್ಕಳು ಹತ್ತಿರ ಬಂದು ಆ ಶೂ ಮುಟ್ಟಿ ಮುಟ್ಟಿ ನೋಡುತ್ತಿದ್ದವು. ನಾನು ಎದುರಿನ ಮರದ ಕೆಳಗೆ ಬೀಡಿ ಸೇದುತ್ತಿದ್ದೆ. ಇನ್ನೂ ಹೊತ್ತಿತ್ತು. ದಾರಿ ಬಿಟ್ಟಿದೆ, ನಡಿ, ಯಾರದಾದರೂ ಬೈಕು ಹಿಡಿಯೋಣ ಎಂದು ಹೇಳಬಹುದಿತ್ತು. ಒಂದೊಂದು ಬೀಡಿ ಮುಗಿದಾಗಲೂ ಹೇಳುತ್ತೇನೆ ಎಂದುಕೊಂಡೆ. ಹೇಳಲಿಲ್ಲ.

ಮಾರನೆಯ ದಿನ ಅವ್ವನೂ ಅವಳೂ ಯಳಂದೂರಿಗೆ ಹೋದರು. ಸೀಟು ಹೋಗಿತ್ತು. ಅಲ್ಲಿ ಕುಳಿತಿದ್ದವರು ಕಾರಣ ಕೇಳಿದರಂತೆ. ಆನೆ ಅಡ್ಡ ಇತ್ತು ಎಂದಳಂತೆ. ಅಲ್ಲಿದ್ದ ಒಬ್ಬ ನಕ್ಕು, ಜ್ವರ ಅಂದಿದ್ರೆ ನಂಬಬಹುದಿತ್ತಮ್ಮ ಎಂದನಂತೆ. ಇದನ್ನೆಲ್ಲ ಅವ್ವ ನನಗೆ ಹೇಳಿದಳು. ಹೇಳುತ್ತ ಹೇಳುತ್ತ ಇನ್ನೊಂದು ಮಾತನ್ನೂ ಹೇಳಿದಳು.

"ಬರ್ತಾ ಅಳ್ಳದ ತಾವ ನಿಂತ್ಕಂಡು ನೆಲ ನೋಡ್ತಾ ಇದ್ಲು ಕಣ್ಲಾ. ಏನ್ ಕಳ್ಕಂಡಿದ್ಲೋ ಏನೋ, ಕರುದ್ರೂ ಬರ್ಲಿಲ್ಲ."

ನನಗೆ ಆಗ ನೆನಪಾಯಿತು, ಹಿಂದಿನ ದಿನ ಮಣ್ಣು ಮಳೆಗೆ ಮೆತ್ತಗಿತ್ತು. ಆನೆ ನಿಂತಿದ್ದರೆ ಹೆಜ್ಜೆ ತಟ್ಟೆಯ ಹಾಗೆ ಅಚ್ಚೊತ್ತಿರಬೇಕಿತ್ತು. ಸುಳ್ಳು ಹೇಳುವುದಕ್ಕೂ ಕಾಡಿನವನಿಗೆ ಅಷ್ಟು ತಿಳಿವಳಿಕೆ ಬೇಕಾಗಿತ್ತು.

ಅವಳು ಏನೂ ಕೇಳಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿಂದ ಬಂದಾಗ ಅವಳ ಬೆರಳುಗಳು ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು, ಸತ್ತವರ ಬೆರಳಿನ ಹಾಗೆ. ನನ್ನ ಎದುರಿಗೇ ಕುಳಿತು, "ಅವ್ವ, ಅವ್ನಿಗೆ ಉಪ್ಪು ಕೊಡು" ಎನ್ನುತ್ತಿದ್ದಳು. ಅಣ್ಣ ಎನ್ನುವುದನ್ನು ಬಿಟ್ಟಿದ್ದಳು. ಅವಳಿಗೆ ಸೊಕ್ಕು ಎಂದು ನಾನು ಪೋಡಿನಲ್ಲೆಲ್ಲ ಹೇಳಿಕೊಂಡು ಬಂದೆ. ನಂಬಿದರು.

ಅಷ್ಟರಲ್ಲಿ ನನ್ನ ಆನೆ ಬೆಳೆಯತೊಡಗಿತು. ಸೀಗೇಕಾಯಿ ಹೊತ್ತಿದ್ದ ಇಬ್ಬರು ಹೆಂಗಸರು ತಾವೂ ಅದರ ಬೆನ್ನು ಕಂಡೆವು ಎಂದರು. ಅವರು ಸುಳ್ಳು ಹೇಳಲಿಲ್ಲ, ಕಂಡೆವು ಎಂದು ನಿಜವಾಗಿಯೂ ನಂಬಿದ್ದರು. ಮುಂದಿನ ವರ್ಷದ ಹೊತ್ತಿಗೆ ಅದು ಅಟ್ಟಿಸಿಕೊಂಡು ಬಂದಿತ್ತು. ಆಮೇಲೆ ಅದಕ್ಕೆ ಒಂದು ಕಿವಿ ಹರಿದಿತ್ತು. ಹೆಣ್ಣುಮಕ್ಕಳ ವಾಸನೆ ಹಿಡಿದು ಬರುತ್ತದೆ ಎಂದು ಯಾರೋ ಸೇರಿಸಿದರು. ಆನೆ ನಿಜವಾಗಿ ಓಡಾಡುವ ಕಾಡು ಇದು, ಸುಳ್ಳು ಆನೆಗೂ ಇಲ್ಲಿ ಮೇವು ಸಿಗುತ್ತದೆ.

ಎಲ್ಲರಿಗೂ ಆ ಆನೆ ಬೇಕಾಗಿತ್ತು ಎಂಬುದು ನನಗೆ ನಿಧಾನವಾಗಿ ಗೊತ್ತಾಯಿತು. ಏಳನೆಯ ತರಗತಿ ಮುಗಿದ ಹೆಣ್ಣುಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಪ್ಪಂದಿರಿಗೆ ಅದು ಬೇಕಾಗಿತ್ತು. ರಸ್ತೆಯ ತನಕ ಗಾಡಿ ಕೊಡಿ ಎಂದು ಕೇಳಿದರೆ, ಆನೆ ಇರುವ ಕಡೆ ಗಾಡಿ ಕಳಿಸುವುದು ಹೇಗೆ ಎನ್ನಲು ಸರ್ಕಾರಿ ಆಫೀಸಿನವರಿಗೆ ಬೇಕಾಗಿತ್ತು. ಫೋಟೋ ತೆಗೆಯುವವರಿಗಂತೂ ಬೇಕೇ ಬೇಕು. ಗಡಿಯ ಆಚೆಯ ನೂಲಿನ ಮಿಲ್ಲಿಗೆ ಹುಡುಗಿಯರನ್ನು ಕರೆದೊಯ್ಯುವ ಬ್ರೋಕರಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಅವನು ನಮ್ಮ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತ ಹೇಳುತ್ತಿದ್ದ.

"ಇಲ್ಲಿ ಆನೆ ಕಾಟ. ಅಲ್ಲಿ ಕಾಂಪೌಂಡ್ ಗೋಡೆ ಅದೆ ಕಣ್ರಿ, ಹಾಸ್ಟೆಲ್ ಅದೆ, ಊಟ ಫ್ರೀ. ಪೊಣ್ಣುಗಳು, ನಿಮ್ ಎಣ್ಮಕ್ಳು, ಸೇಫು."

ಅವ್ವ ತೀರಿಕೊಂಡ ಮೇಲೆ ತಂಗಿ ರೇಷ್ಮೆ ಕೆಲಸ ಬಿಟ್ಟು ಪೋಡಿಗೆ ಬಂದಳು. ಅವ್ವನ ಗುಡಿಸಲಿನಲ್ಲಿ ಒಬ್ಬಳೇ ಇದ್ದಳು, ಮದುವೆ ಬೇಡ ಎಂದಳು. ಸಂಜೆ ಮಕ್ಕಳನ್ನು ಕೂರಿಸಿ ಪಾಠ ಹೇಳತೊಡಗಿದಳು. ಗಂಡಸರು ಅವಳನ್ನು ಮೇಡಮ್ಮೋರು ಎಂದು ಆಡಿಕೊಂಡರು. ಆಡಿಕೊಳ್ಳಲು ಮೊದಲು ಬಾಯಿ ತೆರೆದವನು ನಾನು. ಅವಳು ಒಂದೇ ಹಠ ಹಿಡಿದಿದ್ದಳು: ಹುಡುಗಿಯರು ಗುಂಪಾಗಿ ರಸ್ತೆಗೆ ಇಳಿದು, ಬಸ್ಸು ಹಿಡಿದು, ರಾಮಾಪುರದ ಹೈಸ್ಕೂಲಿಗೆ ಹೋಗಬೇಕು. ಅದಕ್ಕಾಗಿ ಯಜಮಾನರ ಮುಂದೆ ಎಲ್ಲರನ್ನೂ ಸೇರಿಸಿದಳು. ಯಜಮಾನರು ನಮಗೆ ದೊಡ್ಡಪ್ಪನಾಗಬೇಕು.

"ನಮ್ಮಜ್ಜಿ ನಮ್ಮವ್ವ ಎಲ್ಲಾ ಆ ದಾರೀಲೇ ನಡುದ್ರು ದೊಡ್ಡಪ್ಪ," ಎಂದಳು. "ಸೌದೆಗೆ ಓಗ್ಬೋದು, ಜೇನಿಗೆ ಓಗ್ಬೋದು, ಇಸ್ಕೂಲ್‌ಗೆ ಓದ್ರೆ ಮಾತ್ರ ಆನೆ ಬತ್ತದಾ?"

"ಬಂದಿತ್ತಲ್ಲವ್ವ. ನಿನ್ಗೇ ಬಂದಿತ್ತು," ಎಂದರು ಯಜಮಾನರು. ನನ್ನ ಕಡೆ ತಿರುಗಿದರು. "ನೀನೇ ಏಳ್ಲಾ. ಮುಂದೆ ಇದ್ದೋನು ನೀನು. ಇತ್ತಾ ಇಲ್ವಾ?"

ತಂಗಿ ನನ್ನನ್ನು ನೋಡಿದಳು. ಎಷ್ಟೋ ವರ್ಷಗಳ ಮೇಲೆ ನೇರವಾಗಿ ನೋಡಿದ್ದು ಅದೇ ಮೊದಲು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಸುಮ್ಮನೆ ನೋಡಿದಳು, ಕಾಯಿ ಹಣ್ಣಾಗಿದೆಯೋ ಕೊಳೆತಿದೆಯೋ ಎಂದು ನೋಡುವ ಹಾಗೆ.

"ಇತ್ತು," ಎಂದೆ. "ಮರಿ ಇತ್ತು."

ಮಾತು ಅಲ್ಲಿಗೆ ಮುಗಿಯಿತು. ಮೊದಲನೆಯ ಸುಳ್ಳಿಗೆ ಹೊಟ್ಟೆಕಿಚ್ಚು ಕಾರಣ ಎನ್ನಬಹುದು, ವಯಸ್ಸು ಚಿಕ್ಕದು ಎನ್ನಬಹುದು. ಈ ಎರಡನೆಯದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆ ಬೇಸಿಗೆ ಕಳೆಯುವ ಮೊದಲು ನಮ್ಮ ಪಕ್ಕದ ಮನೆಯ ಹುಡುಗಿ ಬ್ರೋಕರಿನ ವ್ಯಾನು ಹತ್ತಿದಳು. ಸಂಜೆ ಪಾಠದಲ್ಲಿ ಎಲ್ಲರಿಗಿಂತ ಚುರುಕು ಎಂದು ತಂಗಿ ಅವಳನ್ನು ಹೇಳುತ್ತಿದ್ದಳು. ಹೋಗುವಾಗ ಆ ಹುಡುಗಿ ನಗುತ್ತಿದ್ದಳು, ವ್ಯಾನಿನಲ್ಲಿ ಹಾಡು ಬರುತ್ತಿತ್ತು. ತಂಗಿ ಹೊರಗೆ ಬರಲಿಲ್ಲ.

ನನಗೆ ಒಬ್ಬಳೇ ಮಗಳು. ಅವಳೂ ಏಳನೆಯ ತರಗತಿ ಮುಗಿಸಿದಳು. ಇನ್ನು ಅವಳು ಮನೆಯಲ್ಲಿ ಇರುತ್ತಾಳೆ ಎಂದು ನನ್ನ ಹೆಂಡತಿ ಆಗಲೇ ಬೇರೆಯವರಿಗೆ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಮಗಳು ಕೇಳಿದಳು.

"ಅಪ್ಪ, ಆನೆಗೆ ಎಷ್ಟು ವರ್ಷ ಆಯಸ್ಸು?"

"ಮನ್ಸನಷ್ಟೇ. ಯಾಕ?"

"ನೀನು ಕಂಡ ಆನೆ ಸಾಯದು ಯಾವಾಗ ಅಂತ."

ಕೊಂಕು ಮಾತಲ್ಲ ಅದು. ಅವಳು ನಿಜವಾಗಿ ಲೆಕ್ಕ ಹಾಕುತ್ತಿದ್ದಳು. ಅದು ಸತ್ತ ಮೇಲೆ ಹೈಸ್ಕೂಲಿಗೆ ಹೋಗಬಹುದು ಎಂದುಕೊಂಡಿದ್ದಳು. ಹಿಟ್ಟಿನ ಬಿಳಿ ಅವಳ ರೆಪ್ಪೆಯ ಮೇಲೆ ಕೂತಿತ್ತು. ನಾನು ಎದ್ದು ಯಜಮಾನರ ಮನೆಗೆ ಹೋಗಿ, ಎಲ್ಲರನ್ನೂ ಕರೆಸಿ ಎಂದೆ.

ಆ ದಿನ ಆನೆ ಇರಲಿಲ್ಲ, ನಾನು ಎತ್ತಿದ ಕೈ ಸುಳ್ಳು ಎಂದು ಎಲ್ಲರ ಮುಂದೆ ಹೇಳಿದೆ. ಬೈಗುಳವಾದರೂ ಬರಲಿ ಎಂದು ನಾನು ಕಾದಿದ್ದೆ. ಕೊನೆಗೆ ಸೀಗೇಕಾಯಿ ಹೊತ್ತಿದ್ದ ಹೆಂಗಸರಲ್ಲಿ ಒಬ್ಬಳು, "ಥೂ, ನಾನು ಅದುರ ಬೆನ್ನು ಕಂಡಿದ್ನಲ್ಲೋ," ಎಂದಳು. ಯಾರೋ ನಕ್ಕರು, ಆದರೆ ನಗು ಹಬ್ಬಲಿಲ್ಲ. ಪಕ್ಕದ ಮನೆಯವನು, ಮಗಳನ್ನು ಮಿಲ್ಲಿಗೆ ಕಳಿಸಿದವನು, ಎದ್ದು ಬಂದು ನನ್ನ ಮುಂದೆ ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ನನ್ನ ಕಾಲ ಬಳಿ ಉಗುಳಿ ಹೊರಟುಹೋದ. ಮಗಳನ್ನು ಕಳಿಸಿದ್ದು ಅವನೇ. ಆದರೆ ಕಳಿಸುವಾಗ ಅವನ ಕೈಯಲ್ಲಿ ಇದ್ದ ಊರುಗೋಲು ನಾನು ಕೊಟ್ಟದ್ದು.

ಯಜಮಾನರು ದನಿ ಏರಿಸದೆ ಹೇಳಿದರು. "ಇನ್ ಮ್ಯಾಲೆ ನೀನು ಮುಂದೆ ನಡಿಬ್ಯಾಡ. ಬದ್ಕಿರಾ ಗಂಟ. ಇಂದೆ ಬಾ."

ಅಂದರೆ ಎಲ್ಲರಿಗಿಂತ ಕೊನೆಯಲ್ಲಿ. ನಮ್ಮಲ್ಲಿ ಕೊನೆಯಲ್ಲಿ ನಡೆಯುವವರು ಮಕ್ಕಳು ಮತ್ತು ಕಣ್ಣು ಕಾಣದವರು.

ತಂಗಿಗೆ ಸಂತೋಷವಾಗಬಹುದು ಎಂಬ ಹುಚ್ಚು ಆಸೆ ನನ್ನ ಒಳಗೆ ಇತ್ತು ಎಂದು ಹೇಳಿಬಿಡುತ್ತೇನೆ. ಜನ ಚದುರಿದ ಮೇಲೆ ಅವಳ ಹತ್ತಿರ ಹೋದೆ. ಅವಳು ಚಾಪೆ ಸುತ್ತುತ್ತಿದ್ದಳು.

"ನಂಗೆ ಗೊತ್ತಿತ್ತು," ಎಂದಳು, ತಲೆ ಎತ್ತದೆ. "ಮಾರನೇ ದಿನವೇ ಗೊತ್ತಿತ್ತು. ಒಂದು ಎಜ್ಜೆ ಇರ್ಲಿಲ್ಲ. ಒಂದು ಸೊಪ್ಪು ಮುರಿದಿರ್ಲಿಲ್ಲ."

"ಮತ್ತೆ ಯಾಕವ್ವ ಏಳ್ಲಿಲ್ಲ?"

"ಯಾರ್ಗೆ ಏಳ್ಲಿ? ಏಳಿದ್ರೆ ಆಮ್ಯಾಕೆ ಕೈ ಎತ್ತಿದೋರ್ನ ಯಾರ್ ನಂಬ್ತಿದ್ರು? ಮಕ್ಳು ದಾರೀಲಿ ನಿಂತ್ಕಂಡು ನಿಜವಾ ಸುಳ್ಳಾ ಅಂತ ಕೇಳ್ತಿದ್ವು. ನಿಜವಾದ ಆನೆ ಬಂದ ದಿನ ಸಾಯ್ತಿದ್ವು. ನನ್ ಸೀಟು ಓಯ್ತು, ಅದು ಸಾಕು ಅಂತ ಸುಮ್ಕಿದ್ದೆ."

 ಅವಳು ಚಾಪೆಯನ್ನು ಗೋಡೆಗೆ ಒರಗಿಸಿದಳು.

"ಕೂಟದಲ್ಲಿ ಕೇಳ್ದಾಗ ಏಳ್ತೀಯ ಅಂದ್ಕಂಡಿದ್ದೆ. ಏಳ್ಲಿಲ್ಲ. ಬ್ಯಾರೇವ್ರ ಮಕ್ಳು ಮನೇಲಿ ಕುಂತಾಗ ಆನೆ ಇತ್ತು. ನಿನ್ ಮಗಳ ಸರದಿ ಬಂದಾಗ ಆನೆ ಓಯ್ತು. ಅಲ್ವಾ?"

ನಾನು ಹೊರಗೆ ಬಂದು ಮನೆಯ ಕಡೆ ನಡೆದೆ. 

ಅವಳು ಹೆದರಿದ್ದೇ ಆಯಿತು. ಆನೆ ಸುಳ್ಳಾಗಿತ್ತು ಎಂದು ಗೊತ್ತಾದ ಮೇಲೆ ಹುಡುಗಿಯರನ್ನು ತಡೆಯುವ ನೆಪ ಹೋಯಿತು, ಆದರೆ ದಾರಿಯ ನಂಬಿಕೆಯೂ ಅದರ ಜೊತೆಗೇ ಹೋಯಿತು. ಹುಡುಗಿಯರು ಹೈಸ್ಕೂಲಿಗೆ ಹೊರಟ ಮೊದಲ ವಾರ ಮುಂದೆ ನಡೆದ ಒಬ್ಬ ಮುದುಕ ಕೈ ಎತ್ತಿದಾಗ ಇಬ್ಬರು ಹುಡುಗರು, ತಾತ, ನಿಜವಾ, ಎಂದು ನಿಂತು ನಕ್ಕರು. ಪೊದೆಯಿಂದ ಬಂದದ್ದು ಕಾಡೆಮ್ಮೆ, ಅದರ ಪಾಡಿಗೆ ಅದು ದಾಟಿತು, ಅವರ ಪುಣ್ಯ. ಮುದುಕ ಅಂದೇ ಇನ್ನು ಮುಂದೆ ನಡೆಯುವುದಿಲ್ಲ ಎಂದ. ಬೇರೆ ಗಂಡಸರನ್ನು ಕೇಳಿದರು. ನಂಬದ ಜನರ ಮುಂದೆ ನಡೆಯಲು ಯಾರು ಒಪ್ಪುತ್ತಾರೆ. ಹುಡುಗಿಯರ ಹೈಸ್ಕೂಲು ಮತ್ತೆ ನಿಲ್ಲುವ ಹಾಗಾಯಿತು.

ಆಗ ತಂಗಿ ಬಂದು ದಾರಿಯ ಬಾಯಲ್ಲಿ ನಿಂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹೆಂಗಸರು ಮುಂದೆ ನಡೆಯುವುದು ನಮ್ಮಲ್ಲಿ ಇಲ್ಲದ್ದೇನಲ್ಲ, ಆದರೆ ಅಪರೂಪ. ಅವಳು ಹುಡುಗಿಯರಿಗೆ ಹೇಳಿದಳು.

"ನಾನು ಕೈ ಎತ್ತಿದ್ರೆ ತಿರುಗ್ಬೇಕು. ಬಾಯಿ ಬುಟ್ರೆ ನಾಳೆಯಿಂದ ಮನೇಲಿ ಹಿಟ್ಟು ತಿರುವ್ಕಂಡು ಬಿದ್ದಿರಿ."

ಅವಳ ಕೈಯನ್ನು ಎಲ್ಲರೂ ನಂಬಿದರು. ಸುಳ್ಳಿನಿಂದ ಹೆಚ್ಚು ಕಳೆದುಕೊಂಡವಳು ಅವಳೇ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ಮೊದಲು ನಾಲ್ಕೈದು ಹುಡುಗಿಯರು. ಈಗ ಸಾಲು ಉದ್ದವಾಗಿದೆ, ಅದರಲ್ಲಿ ಗಂಡುಹುಡುಗರೂ ಇದ್ದಾರೆ. ಮೂರು ಮಳೆಗಾಲ ಅವಳು ಹೀಗೆ ಬೆಳಿಗ್ಗೆ ಇಳಿಸಿ, ಸಂಜೆ ಹತ್ತಿಸಿಕೊಂಡು ಬಂದಳು. ಆಫೀಸಿನವರು ಬಂದು ಹಾರ ಹಾಕುತ್ತೇವೆ ಎಂದರು. ಗಾಡಿ ಕೊಡಿ, ಹಾರ ಬೇಡ ಎಂದಳು. ಹಾರವೂ ಬರಲಿಲ್ಲ, ಗಾಡಿಯೂ ಬರಲಿಲ್ಲ. ನಾನು ಸಾಲಿನ ಕೊನೆಯಲ್ಲಿ, ಚಿಕ್ಕವರ ಹಿಂದೆ ನಡೆಯುತ್ತೇನೆ. ಮಕ್ಕಳಿಗೆ ಎಲ್ಲ ಗೊತ್ತು. ನಾನು ಕೆಮ್ಮಿದರೆ ಒಂದು ಪುಟ್ಟ ಹುಡುಗ, ಆನೆ ಬಂತು ಅಂತ ಕೆಮ್ತಾವ್ನೆ ಕಣ್ರೋ, ಎಂದು ಪಿಸುಗುಡುತ್ತಾನೆ.

ಈ ಮಾರ್ಚಿನಲ್ಲಿ ನನ್ನ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ಮೊದಲ ದಿನ ಬೇಗ ಹೊರಟೆವು. ಹಳ್ಳ ಒಣಗಿ ಒಂದೆರಡು ಗುಂಡಿಗಳಲ್ಲಿ ಮಾತ್ರ ನೀರಿತ್ತು. ತಿರುವಿನಲ್ಲಿ ತಂಗಿ ನಿಂತಳು. ಕೈ ಎತ್ತಿದಳು.

ಅದೇ ತಿರುವು. ಸಾಲು ತಿರುಗಿತು, ಮಕ್ಕಳು ನನ್ನನ್ನು ದಾಟಿ ಹಿಂದೆ ನಡೆದರು. ಮಗಳು ಪೆನ್ನಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದಳು. ನನಗೆ ಏನೂ ಕೇಳಿಸಲಿಲ್ಲ. ವಾಸನೆಯೂ ಬರಲಿಲ್ಲ, ಗಾಳಿ ನಮ್ಮ ಬೆನ್ನಿನ ಕಡೆಯಿಂದ ಇತ್ತು. ಆಗ ಆ ಯೋಚನೆ ಬಂತು. ಇವಳು ಇಷ್ಟು ವರ್ಷ ಕಾದದ್ದು ಈ ದಿನಕ್ಕೇ. ನನ್ನ ಮಗಳ ಪರೀಕ್ಷೆಯ ದಿನಕ್ಕೆ. ಹೋಗಿ ನೋಡಿಬಿಡುತ್ತೇನೆ ಎಂದು ಒಂದು ಹೆಜ್ಜೆ ಮುಂದೆ ಇಟ್ಟೇಬಿಟ್ಟೆ. ನಿಜವಾ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ತಂಗಿ ನನ್ನನ್ನು ನೋಡುತ್ತಿದ್ದಳು. ಎತ್ತಿದ ಕೈ ಹಾಗೇ ಇತ್ತು. ನನ್ನ ಮುಖದಲ್ಲಿ ಏನಿದೆ ಎಂದು ಅವಳಿಗೆ ಓದಲು ಬಂದಿತು, ಅವಳು ಓದಿದವಳು.

ನಾನು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡೆ. ಎಲ್ಲರ ಜೊತೆ ದಿಣ್ಣೆಯ ಮೇಲೆ ಬಂದು ಕುಳಿತೆ. ಮಗಳು ಉಗುರು ಕಚ್ಚುತ್ತಿದ್ದಳು. ಬಿಸಿಲು ಮರದ ಬುಡಕ್ಕೆ ಇಳಿಯುತ್ತಿತ್ತು, ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು. ಅವಳು ಹೊಸಿಲ ಮೇಲೆ ಶೂ ಹಾಕಿಕೊಂಡು ಕುಳಿತಿದ್ದ ಬೆಳಿಗ್ಗೆ ಹೇಗಿತ್ತು ಎಂದು ನನಗೆ ಗೊತ್ತಾದದ್ದು ಅಲ್ಲಿ ಕುಳಿತಾಗ.

ಕೊನೆಗೆ ಕೆಳಗಿನಿಂದ ಅವಳ ಸಿಳ್ಳು ಬಂತು. ದಾರಿ ಬಿಟ್ಟಿದೆ ಎಂದು ಅರ್ಥ. ಮಕ್ಕಳು ಎದ್ದು ಓಡಿದ ಹಾಗೆಯೇ ಇಳಿದರು. ನಾನು ಕೊನೆಯಲ್ಲಿ ತಿರುವಿಗೆ ಬಂದಾಗ ದಾರಿಯ ನಡುವೆ ಆನೆಯ ಲದ್ದಿ ಬಿದ್ದಿತ್ತು. ಪಕ್ಕದ ಬಿದಿರು ಮೆಳೆ ಸೀಳಿತ್ತು. ಮಗಳು ಲದ್ದಿಯ ಪಕ್ಕದಿಂದ ಹಾದು ಮುಂದೆ ಹೋಗುತ್ತಿದ್ದಳು. ತಂಗಿ ಅವಳ ಹೆಗಲು ಹಿಡಿದು ನಿಲ್ಲಿಸಿದಳು.

"ನಿಮ್ಮಪ್ಪನ್ಗೆ ಏಳು ಮಗ, ಮುಟ್ಟಿ ನೋಡ್ಲಿ. ಬಿಸಿ ಅದೋ ಇಲ್ವೋ."

ಮಗಳು ನನ್ನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಅವಳಿಗೆ ಬಸ್ಸಿನ ಚಿಂತೆ. ಮಕ್ಕಳೆಲ್ಲ ನಿಂತಿದ್ದರು. ನಾನು ಬಗ್ಗಿ ಅಂಗೈ ಇಟ್ಟೆ. ಬಿಸಿಯಿತ್ತು.

ತಂಗಿ ಆಗಲೇ ತಿರುಗಿ ಏರು ಹತ್ತುತ್ತಿದ್ದಳು. ಮಗಳಿಗೆ ಬಸ್ಸು ಸಿಕ್ಕಿತು.